ನೋವಿಲ್ಲದಾಗಲೇ ಕೇಳಬೇಕಾದ ಮಾತು



ಪ್ರಾಸ್ಟೇಟ್ ಎಂಬ ಹೆಸರನ್ನು ನಮ್ಮಲ್ಲಿ ಬಹಳಷ್ಟು ಗಂಡಸರು ಮೊದಲ ಸಲ ಓದುವುದು ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ. ಅರವತ್ತು ವರ್ಷ ಜೊತೆಗಿದ್ದ ಅಂಗದ ಹೆಸರು ಅಲ್ಲಿಯವರೆಗೆ ಕಿವಿಗೇ ಬಿದ್ದಿರುವುದಿಲ್ಲ. ಹೃದಯ, ಕಿಡ್ನಿ, ಲಿವರ್ ಇವುಗಳ ಬಗ್ಗೆ ಊರಿನ ಜಗಲಿಯ ಮೇಲೂ ಚರ್ಚೆ ನಡೆಯುತ್ತದೆ. ಸಕ್ಕರೆ ಕಾಯಿಲೆಯವರು ತಮ್ಮ ಸಕ್ಕರೆ ಎಷ್ಟಿದೆ ಎಂದು ಮದುವೆ ಊಟದ ಪಂಕ್ತಿಯಲ್ಲೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಸೊಂಟದ ಕೆಳಗಿನ ವಿಷಯ ಬಂದರೆ ಮಾತ್ರ ಮಾತು ನಿಂತುಬಿಡುತ್ತದೆ. ಆ ಮಾತನ್ನು ಇವತ್ತು ಸಂಕೋಚ ಬಿಟ್ಟು ಆಡೋಣ.

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ಗಾತ್ರದಲ್ಲಿ ಒಂದು ಬೆಟ್ಟದ ನೆಲ್ಲಿಕಾಯಿ ಎನ್ನಬಹುದು. ವೀರ್ಯದಲ್ಲಿರುವ ದ್ರವದ ಒಂದು ಭಾಗವನ್ನು ತಯಾರಿಸುವುದು ಅದರ ಕೆಲಸ. ವಯಸ್ಸು ಐವತ್ತರ ಹತ್ತಿರ ಬರುತ್ತಿದ್ದಂತೆ ಬಹಳ ಜನರಲ್ಲಿ ಇದು ನಿಧಾನವಾಗಿ ದಪ್ಪವಾಗತೊಡಗುತ್ತದೆ. ನಡುವೆ ಹಾದುಹೋಗುವ ಮೂತ್ರನಾಳ ಒತ್ತಿಹೋಗಿ ಧಾರೆ ಸಣ್ಣದಾಗುತ್ತದೆ, ಶುರುವಾಗಲು ತಡವಾಗುತ್ತದೆ, ಪೂರ್ತಿ ಖಾಲಿಯಾದಂತೆ ಅನಿಸುವುದಿಲ್ಲ, ರಾತ್ರಿ ಮೂರು ನಾಲ್ಕು ಸಲ ಎದ್ದು ಒಂದಕ್ಕೆ ಹೋಗಬೇಕಾಗುತ್ತದೆ. ಇದು ಕ್ಯಾನ್ಸರ್ ಅಲ್ಲ. ಬರಿಯ ಊತ. ಈ ಊತ ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಇದಕ್ಕೆ ಮಾತ್ರೆಗಳಿವೆ, ಬೇಕಾದರೆ ದುರ್ಬೀನಿನ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯಿದೆ.

ಹಾಗಾದರೆ ಕ್ಯಾನ್ಸರ್ ಎಲ್ಲಿ ಹುಟ್ಟುತ್ತದೆ? ಈ ಭಾಷಣದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಊತ ಬರುವುದು ಗ್ರಂಥಿಯ ಒಳಭಾಗದಲ್ಲಿ, ಮೂತ್ರನಾಳಕ್ಕೆ ಅಂಟಿಕೊಂಡಂತೆ. ಕ್ಯಾನ್ಸರ್ ಹತ್ತರಲ್ಲಿ ಏಳು ಸಲ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ, ಹಿಂದುಗಡೆ, ಗುದನಾಳಕ್ಕೆ ತಾಗಿದ ಅಂಚಿನಲ್ಲಿ. ಅಲ್ಲಿ ಗಂಟು ಬೆಳೆದರೂ ಮೂತ್ರನಾಳಕ್ಕೆ ಬಹಳ ಕಾಲ ಯಾವ ಒತ್ತಡವೂ ಬೀಳುವುದಿಲ್ಲ. ಉರಿ ಇಲ್ಲ, ನೋವಿಲ್ಲ, ತಡೆಯಿಲ್ಲ. ಅಂದರೆ ಮೂತ್ರದ ತೊಂದರೆ ಇರುವವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಕ್ಯಾನ್ಸರ್ ಇರುವವರಲ್ಲಿ ಹೆಚ್ಚಿನವರಿಗೆ ಆರಂಭದಲ್ಲಿ ಮೂತ್ರದ ತೊಂದರೆಯೇ ಇರುವುದಿಲ್ಲ. "ನನಗೇನೂ ತೊಂದರೆಯಿಲ್ಲ, ಪರೀಕ್ಷೆ ಯಾಕೆ?" ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಗುಣಪಡಿಸಬಹುದಾದ ಹಂತದಲ್ಲಿ ಈ ಕಾಯಿಲೆ ಸಾಮಾನ್ಯವಾಗಿ ತೊಂದರೆ ಕೊಡುವುದೇ ಇಲ್ಲ.

ತೊಂದರೆ ಕೊಡತೊಡಗಿದಾಗ ಅದು ಎಲ್ಲಿಗೆ ತಲುಪಿರುತ್ತದೆ ಎಂಬುದನ್ನೂ ಹೇಳಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಹರಡಲು ಹೊರಟರೆ ಅದಕ್ಕೆ ಮೂಳೆಗಳೆಂದರೆ ಬಹಳ ಇಷ್ಟ: ಸೊಂಟದ ಮೂಳೆ, ಬೆನ್ನುಹುರಿ ಕಾಯುವ ಕಶೇರುಗಳು, ಪಕ್ಕೆಲುಬು. ಅರವತ್ತೈದು ಎಪ್ಪತ್ತು ವಯಸ್ಸಿನ ರೈತರೊಬ್ಬರಿಗೆ ಸೊಂಟ ನೋವು ಬರುತ್ತದೆ ಎಂದುಕೊಳ್ಳಿ. ಜೀವಮಾನವೆಲ್ಲ ಬಗ್ಗಿ ದುಡಿದ ಮೈ, ನೋವು ಬಂದರೆ ಅಚ್ಚರಿಯೇನು ಎಂದು ಮನೆಯವರೂ ಅಂದುಕೊಳ್ಳುತ್ತಾರೆ. ಎಣ್ಣೆ ಹಚ್ಚಿ ನೀವುತ್ತಾರೆ. ಪೇಟೆಯ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬರುತ್ತದೆ. ಯಾರೋ ಹೇಳಿದರೆಂದು ಪಟ್ಟು ಹಾಕುವವರ ಬಳಿಗೂ ಹೋಗುತ್ತಾರೆ. ರಾತ್ರಿ ಮಲಗಿದಾಗ ನೋವು ಹೆಚ್ಚುತ್ತಿದೆ, ತೂಕ ಇಳಿಯುತ್ತಿದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಒಂದು ದಿನ ಕಾಲುಗಳಲ್ಲಿ ಶಕ್ತಿಯೇ ಇಲ್ಲವಾಗುತ್ತದೆ, ಎದ್ದು ನಿಲ್ಲಲಾಗುವುದಿಲ್ಲ, ಮೂತ್ರ ಕಟ್ಟಿಕೊಳ್ಳುತ್ತದೆ. ಬೆನ್ನುಹುರಿಯ ಮೇಲೆ ಗಡ್ಡೆಯ ಒತ್ತಡ ಬಿದ್ದಿರುತ್ತದೆ. ಆಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಸಿಗಬೇಕು. ತಡವಾದರೆ ಕಾಲಿನ ಬಲ ಮರಳುವುದಿಲ್ಲ. ವೈದ್ಯರಿಗೆ ಇದು ಅಪರೂಪದ ಕತೆಯಲ್ಲ. ಕೇಳುತ್ತಿರುವ ಹಿರಿಯರಲ್ಲಿ ಯಾರಿಗಾದರೂ ವಾರಗಟ್ಟಲೆ ಬಿಡದ ಹೊಸ ಬೆನ್ನುನೋವಿದ್ದರೆ, ಮೂತ್ರದಲ್ಲಿ ಅಥವಾ ವೀರ್ಯದಲ್ಲಿ ರಕ್ತ ಕಂಡಿದ್ದರೆ, ಈ ವಾರವೇ ವೈದ್ಯರ ಹತ್ತಿರ ಹೋಗಿ. ಕಾಲು ಸೋತಿದ್ದರೆ ವಾರ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಹೊರಡಿ.

ಅಮೆರಿಕದ ಕ್ಯಾನ್ಸರ್ ದಾಖಲೆಗಳು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತವೆ. ಕಾಯಿಲೆ ಗ್ರಂಥಿಯೊಳಗೇ ಇದ್ದಾಗ ಪತ್ತೆಯಾದವರಲ್ಲಿ ಐದು ವರ್ಷದ ಬದುಕಿನ ಪ್ರಮಾಣ ಶೇಕಡ ನೂರಕ್ಕೆ ಹತ್ತಿರ. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದವರಲ್ಲಿ ಅದು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಅಲ್ಲಿ ಬಹುಪಾಲು ರೋಗಿಗಳು ಮೊದಲ ಗುಂಪಿನಲ್ಲಿ ಪತ್ತೆಯಾಗುತ್ತಾರೆ. ನಮ್ಮ ದೇಶದಲ್ಲಿ ತಡವಾಗಿ ಬರುವವರ ಪಾಲು ಅಲ್ಲಿಗಿಂತ ಬಹಳ ದೊಡ್ಡದು. ನನ್ನನ್ನು ಕಾಡುವುದು ಈ ವ್ಯತ್ಯಾಸ.

1853ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಆಡಮ್ಸ್ ಈ ಕ್ಯಾನ್ಸರನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿ ವರದಿ ಬರೆದಾಗ, ಇದು ತೀರಾ ವಿರಳವಾದ ಕಾಯಿಲೆ ಎಂದು ಹೇಳಿದ್ದರು. ಆ ಕಾಲಕ್ಕೆ ಅದು ಸರಿಯೂ ಇದ್ದಿರಬಹುದು. ಈ ಕಾಯಿಲೆ ಬರುವ ವಯಸ್ಸಿನವರೆಗೆ ಬದುಕುತ್ತಿದ್ದವರೇ ಕಡಿಮೆ. ನಮಗೆ ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಇಂದು 70ರ ಆಸುಪಾಸು. ಸಿಡುಬು, ಕಾಲರಾ, ಪ್ಲೇಗನ್ನು ದಾಟಿ ಬಂದ ಸಮಾಜ ಮುಪ್ಪಿನ ಕಾಯಿಲೆಗಳನ್ನು ಎದುರಿಸಲೇಬೇಕು. 2022ರ ಜಾಗತಿಕ ಅಂದಾಜಿನಂತೆ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 14 ಲಕ್ಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 38 ಸಾವಿರ ಗಂಡಸರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. 2040ರ ಹೊತ್ತಿಗೆ ಜಾಗತಿಕ ಸಂಖ್ಯೆ 29 ಲಕ್ಷ ಮುಟ್ಟಲಿದೆ ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಎಚ್ಚರಿಸಿದೆ. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ 1982ರಿಂದ ಊರಿನ ಕ್ಯಾನ್ಸರ್ ಲೆಕ್ಕ ಇಡುತ್ತ ಬಂದಿದೆ. ಆ ಲೆಕ್ಕದಲ್ಲೂ ಪ್ರಾಸ್ಟೇಟ್ ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದೆ.

ಈಗ ಪರೀಕ್ಷೆಗಳ ಮಾತು. ಎರಡೇ ಸರಳ ಪರೀಕ್ಷೆಗಳು. ಒಂದು ರಕ್ತಪರೀಕ್ಷೆ, ಪಿಎಸ್‌ಎ ಎಂದು ಹೆಸರು. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನಿನ ಅಲ್ಪ ಅಂಶ ರಕ್ತದಲ್ಲಿರುತ್ತದೆ, ಅದನ್ನು ಅಳೆಯುತ್ತಾರೆ. ಬರಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಇನ್ನೊಂದು, ವೈದ್ಯರು ಕೈಗವಸು ಹಾಕಿ, ಜಾರುವ ದ್ರವ ಸವರಿ, ಗುದದ್ವಾರದ ಮೂಲಕ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುವುದು. ಕ್ಯಾನ್ಸರ್ ಹುಟ್ಟುವ ಹಿಂಭಾಗದ ಅಂಚು ಬೆರಳಿಗೆ ಸಿಗುವ ಜಾಗದಲ್ಲೇ ಇದೆ. ಆರೋಗ್ಯವಂತ ಗ್ರಂಥಿ ಮೆತ್ತಗೆ, ಒಂದೇ ಸಮನಾಗಿರುತ್ತದೆ. ಗಂಟು ಕಲ್ಲಿನಂತೆ ಗಟ್ಟಿಯಾಗಿ ತಾಗುತ್ತದೆ. ಒಂದು ನಿಮಿಷವೂ ಹಿಡಿಯದ ಈ ಪರೀಕ್ಷೆಗೆ ಒಪ್ಪದೆ ಎದ್ದು ಹೋಗುವ ಗಂಡಸರು ಕಡಿಮೆಯೇನಲ್ಲ. ಹೆರಿಗೆಯ ಕಾಲದಲ್ಲಿ, ಆಮೇಲೆ ಗರ್ಭಕೊರಳಿನ ತಪಾಸಣೆಯಲ್ಲಿ ನಮ್ಮ ಅಕ್ಕ ತಂಗಿಯರು ಇದಕ್ಕಿಂತ ಎಷ್ಟೋ ಹೆಚ್ಚಿನ ಮುಜುಗರವನ್ನು ಸಹಿಸುತ್ತಾರೆ. ಅಷ್ಟು ಧೈರ್ಯ ಗಂಡಸರಿಗೂ ಇರಬೇಕು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಪಿಎಸ್‌ಎ ಬಗ್ಗೆ ತಪ್ಪು ಭರವಸೆಯೂ ಬೇಡ, ತಪ್ಪು ಭಯವೂ ಬೇಡ. ಸಾಮಾನ್ಯವಾಗಿ 4ರ ಒಳಗಿದ್ದರೆ ಸರಿ ಎನ್ನುತ್ತಾರೆ. ಆದರೆ ಗ್ರಂಥಿ ಊದಿಕೊಂಡರೂ, ಮೂತ್ರದ ಸೋಂಕಾದರೂ, ಮೂತ್ರಕ್ಕೆ ನಳಿಕೆ ಹಾಕಿದ್ದರೂ, ಹಿಂದಿನ ಎರಡು ದಿನಗಳಲ್ಲಿ ವೀರ್ಯಸ್ಖಲನವಾಗಿದ್ದರೂ ಅಂಕಿ ಏರುತ್ತದೆ. 4ರಿಂದ 10ರ ನಡುವೆ ಇರುವವರಲ್ಲಿ ಬಯಾಪ್ಸಿ, ಅಂದರೆ ಗ್ರಂಥಿಯ ಚೂರು ತೆಗೆದು ಪರೀಕ್ಷೆ, ಮಾಡಿದಾಗ ಕ್ಯಾನ್ಸರ್ ಸಿಗುವುದು ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ. ಅಂಕಿ ಕಡಿಮೆಯಿದ್ದೂ ಕ್ಯಾನ್ಸರ್ ಇರುವವರುಂಟು. ಆದ್ದರಿಂದ ಒಂದು ಅಂಕಿ ನೋಡಿ ರಾತ್ರಿಯೆಲ್ಲ ನಿದ್ದೆಗೆಡಬೇಡಿ. ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸುತ್ತಾರೆ, ಹಿಂದಿನ ಅಂಕಿಯ ಜೊತೆ ಹೋಲಿಸಿ ನೋಡುತ್ತಾರೆ. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ: ಗ್ರಂಥಿಯ ಊತ ಇಳಿಸಲು ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಮಾತ್ರೆಗಳನ್ನು ಆರು ತಿಂಗಳು ನುಂಗಿದರೆ ಪಿಎಸ್‌ಎ ಅಂಕಿ ಅರ್ಧಕ್ಕಿಳಿಯುತ್ತದೆ. ಕೂದಲು ಉದುರುವುದಕ್ಕೂ ಫಿನಾಸ್ಟರೈಡ್ ತೆಗೆದುಕೊಳ್ಳುವವರಿದ್ದಾರೆ. ವರದಿಯಲ್ಲಿ 3 ಎಂದಿದ್ದರೆ ನಿಜವಾದ ಅಂಕಿ 6ರ ಹತ್ತಿರ ಇರಬಹುದು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬ ಚೀಟಿ ಜೇಬಿನಲ್ಲಿರಲಿ.

ಎಲ್ಲ ಗಂಡಸರಿಗೂ ಪಿಎಸ್‌ಎ ಮಾಡಿಸಬೇಕೇ ಎಂಬ ಪ್ರಶ್ನೆಯ ಮೇಲೆ ವೈದ್ಯಲೋಕ ಮೂವತ್ತು ವರ್ಷಗಳಿಂದ ಜಗಳವಾಡಿದೆ. ಇದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಯುರೋಪಿನ ಹಲವು ದೇಶಗಳು ಸೇರಿ ನಡೆಸಿದ ದೊಡ್ಡ ಅಧ್ಯಯನದ ಮೊದಲ ಫಲಿತಾಂಶ 2009ರಲ್ಲಿ ಬಂದಾಗ, ತಪಾಸಣೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇಕಡ 20ರಷ್ಟು ಕಡಿಮೆಯಾಗಿತ್ತು. 23 ವರ್ಷಗಳ ಲೆಕ್ಕ ಬಂದಾಗ ಅದು ಶೇಕಡ 13. ಬೇರೆ ಮಾತಿನಲ್ಲಿ, 456 ಗಂಡಸರನ್ನು ತಪಾಸಣೆಗೆ ಕರೆದರೆ ಒಂದು ಜೀವ ಉಳಿಯುತ್ತದೆ. ಉಳಿದ ಆ ಒಬ್ಬರ ಮನೆಯವರಿಗೆ ಅದು ಸಣ್ಣ ಸಂಖ್ಯೆಯಲ್ಲ. ಆದರೆ ಅದೇ ತಪಾಸಣೆಯಲ್ಲಿ, ಇಡೀ ಜೀವಮಾನದಲ್ಲಿ ಏನೂ ಕೇಡು ಮಾಡದೆ ಇರುತ್ತಿದ್ದ ನಿಧಾನಗತಿಯ ಕ್ಯಾನ್ಸರುಗಳೂ ಸಿಗುತ್ತವೆ. ಅಂಥ ಕ್ಯಾನ್ಸರ್ ಇರುವವರಿಗೆಲ್ಲ ಆಪರೇಷನ್ ಮಾಡಿದರೆ ಬೇಡದ ಸಂಕಟ. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ ತಪಾಸಣೆಯೇ ಬೇಡ ಎಂದಿತ್ತು. 2018ರಲ್ಲಿ ಆ ಮಾತನ್ನು ಬದಲಿಸಿ, 55ರಿಂದ 69 ವರ್ಷದವರು ವೈದ್ಯರೊಂದಿಗೆ ಮಾತಾಡಿ ತಾವೇ ತೀರ್ಮಾನಿಸಲಿ, 70 ದಾಟಿದವರಿಗೆ ಸಾಮಾನ್ಯ ತಪಾಸಣೆ ಬೇಡ ಎಂದಿತು. ನಮ್ಮ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಮಾತ್ರ. ಪ್ರಾಸ್ಟೇಟ್ ಅದರಲ್ಲಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಇದನ್ನು ನೆನಪಿಸುವುದಿಲ್ಲ. ನೀವೇ ಹೋಗಿ ಕೇಳಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಹುಡುಕುವುದು ಬೇರೆ, ಹುಡುಕಿದ್ದಕ್ಕೆಲ್ಲ ಕತ್ತಿ ಹಿಡಿಯುವುದು ಬೇರೆ. ಹಳೆಯ ಜಗಳದ ಮೂಲ ಇವೆರಡನ್ನೂ ಒಂದೇ ಮಾಡಿದ್ದರಲ್ಲಿತ್ತು. ಈಗ ಪಿಎಸ್‌ಎ ಹೆಚ್ಚಿದ್ದರೆ ಮೊದಲು ಎಂಆರ್‌ಐ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಅನುಮಾನದ ಜಾಗ ಕಂಡರೆ ಮಾತ್ರ ಅಲ್ಲಿಂದಲೇ ಸೂಜಿಯಲ್ಲಿ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಎಷ್ಟೋ ಜನರಿಗೆ ಬಯಾಪ್ಸಿಯೇ ತಪ್ಪುತ್ತದೆ. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ" ಎಂಬ ಮಾತು ನಮ್ಮ ಊರುಗಳಲ್ಲಿ ಬಲವಾಗಿ ಬೇರು ಬಿಟ್ಟಿದೆ. ದಯವಿಟ್ಟು ನಂಬಬೇಡಿ. ಬಯಾಪ್ಸಿ ಮಾಡಿಸಿದ್ದರಿಂದ ಕಾಯಿಲೆ ಹರಡುವುದಿಲ್ಲ. ಮಾಡಿಸದೆ ಕಳೆದ ತಿಂಗಳುಗಳಲ್ಲಿ ಹರಡಬಹುದು.

ಬಯಾಪ್ಸಿ ವರದಿಯಲ್ಲಿ ಗ್ಲೀಸನ್ ಅಂಕ ಎಂದು ಒಂದಿರುತ್ತದೆ. ಡೊನಾಲ್ಡ್ ಗ್ಲೀಸನ್ ಎಂಬ ರೋಗಶಾಸ್ತ್ರಜ್ಞರು 1966ರಲ್ಲಿ ರೂಪಿಸಿದ ಕ್ರಮ ಇದು. 6 ಎಂದರೆ ಸಾಧು ಸ್ವಭಾವದ್ದು, 9, 10 ಎಂದರೆ ಉಗ್ರ. ಅಂಕ 6 ಇರುವ ಬಹುತೇಕರಿಗೆ ಈಗ ಆಪರೇಷನ್ ಮಾಡುವುದಿಲ್ಲ. ನಿಗದಿತವಾಗಿ ಪಿಎಸ್‌ಎ, ಆಗಾಗ ಎಂಆರ್‌ಐ, ಬೇಕೆನಿಸಿದರೆ ಮತ್ತೆ ಬಯಾಪ್ಸಿ, ಹೀಗೆ ಕಣ್ಣಿಟ್ಟಿರುತ್ತಾರೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಕ್ಯಾನ್ಸರ್ ಇದ್ದ 1,643 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ನಿಗಾ ಎಂದು ಹಂಚಿದರು. 15 ವರ್ಷಗಳ ನಂತರ ನೋಡಿದರೆ ಮೂರು ಗುಂಪಿನಲ್ಲೂ ಈ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ ಇಬ್ಬರು ಮೂವರು ಮಾತ್ರ. ನಿಗಾ ಗುಂಪಿನಲ್ಲಿ ಕಾಯಿಲೆ ಹರಡಿದವರು ಹೆಚ್ಚಿದ್ದರು, ಆ ಗುಂಪಿನ ಅನೇಕರು ಮುಂದೆ ಚಿಕಿತ್ಸೆ ಪಡೆದರು ಎಂಬುದನ್ನೂ ಸೇರಿಸಿ ಹೇಳಬೇಕು. ಒಟ್ಟಿನಲ್ಲಿ, ಬೇಗ ಪತ್ತೆಯಾದವರಿಗೆ ಕೂತು ಯೋಚಿಸಲು ಸಮಯವಿರುತ್ತದೆ, ಆಯ್ಕೆಗಳಿರುತ್ತವೆ. ತಡವಾದವರಿಗೆ ಎರಡೂ ಇರುವುದಿಲ್ಲ.

ಚಿಕಿತ್ಸೆಯ ಕಷ್ಟಗಳನ್ನೂ ಮರೆಮಾಚಬಾರದು. ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಮೂತ್ರ ಸೋರುವುದುಂಟು, ಕೆಲವರಿಗೆ ಅದು ಉಳಿದೇಬಿಡುತ್ತದೆ. ಲೈಂಗಿಕ ಶಕ್ತಿ ಕುಗ್ಗಬಹುದು. 1980ರ ದಶಕದಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಷ್ ಗ್ರಂಥಿಯ ಪಕ್ಕದ ನರಗಳನ್ನು ಉಳಿಸಿಕೊಂಡು ಆಪರೇಷನ್ ಮಾಡುವ ದಾರಿ ತೋರಿಸಿದ ಮೇಲೆ ಈ ತೊಂದರೆ ಕಡಿಮೆಯಾಗಿದೆ. ಗಡ್ಡೆ ಸಣ್ಣದಿದ್ದಷ್ಟೂ ನರ ಉಳಿಸುವುದು ಸುಲಭ. ವಿಕಿರಣ ಚಿಕಿತ್ಸೆಗೆ ಅದರದೇ ತೊಂದರೆಗಳಿವೆ. ನೆಲ್ಸನ್ ಮಂಡೇಲಾ ಅವರಿಗೆ 2001ರಲ್ಲಿ, 83ನೇ ವಯಸ್ಸಿನಲ್ಲಿ ಈ ಕ್ಯಾನ್ಸರ್ ಪತ್ತೆಯಾಗಿ ವಿಕಿರಣ ಚಿಕಿತ್ಸೆಯಾಯಿತು. ಅವರು ಬದುಕಿದ್ದು 95ರವರೆಗೆ.

ಹರಡಿದ ಮೇಲೆ ಪತ್ತೆಯಾದವರೂ ಕೈ ಚೆಲ್ಲಬೇಕಾಗಿಲ್ಲ. ಈ ಕ್ಯಾನ್ಸರ್ ಗಂಡು ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಅದನ್ನು ನಿಲ್ಲಿಸಿದರೆ ಕುಗ್ಗುತ್ತದೆ ಎಂದು ಷಿಕಾಗೊದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಹರಡಿದ ಕಾಯಿಲೆಯ ಚಿಕಿತ್ಸೆಗೆ ಇಂದಿಗೂ ಅದೇ ತಳಹದಿ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು, ಅಥವಾ ಒಂದೇ ಸಲ ವೃಷಣ ತೆಗೆಯುವ ಚಿಕ್ಕ ಶಸ್ತ್ರಚಿಕಿತ್ಸೆ. ಅದರ ಮೇಲೆ ಹೊಸ ಮಾತ್ರೆಗಳೂ ಸೇರಿವೆ. ನೋವು ಇಳಿದು, ಮತ್ತೆ ತೋಟಕ್ಕೆ ನಡೆದು ಹೋಗುವಷ್ಟು ಚೇತರಿಸಿಕೊಂಡು ವರ್ಷಗಟ್ಟಲೆ ಬದುಕುವವರಿದ್ದಾರೆ.

ಮತ್ತೆ ಸಂಕೋಚದ ಮಾತಿಗೆ ಬರುತ್ತೇನೆ, ಏಕೆಂದರೆ ತಡವಾಗುವುದಕ್ಕೆ ಬಡತನ, ದೂರ, ಅರಿವಿನ ಕೊರತೆಯ ಜೊತೆಗೆ ನಾಚಿಕೆಯೂ ಒಂದು ದೊಡ್ಡ ಕಾರಣ. ಇದು ನಮ್ಮ ಹಳ್ಳಿಗರಿಗೆ ಮಾತ್ರ ಅಂಟಿದ್ದಲ್ಲ. 2024ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ಲಾಯ್ಡ್ ಆಸ್ಟಿನ್ ಆಸ್ಪತ್ರೆ ಸೇರಿದ್ದು ಅಧ್ಯಕ್ಷರಿಗೇ ಕೆಲವು ದಿನ ತಿಳಿದಿರಲಿಲ್ಲ. ಆಮೇಲೆ ಹೊರಬಂದ ವಿಷಯ: ಹಿಂದಿನ ತಿಂಗಳು ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿತ್ತು. ಅದೇ ತಿಂಗಳು ಬ್ರಿಟನ್ನಿನ ದೊರೆ ಚಾರ್ಲ್ಸ್ ತಮಗೆ ಪ್ರಾಸ್ಟೇಟ್ ಊತಕ್ಕೆ ಚಿಕಿತ್ಸೆಯಾಗಲಿದೆ ಎಂದು ಮೊದಲೇ ಜನರಿಗೆ ತಿಳಿಸಿದರು. ಕೂಡಲೇ ಆ ದೇಶದಲ್ಲಿ ಪ್ರಾಸ್ಟೇಟ್ ಬಗ್ಗೆ ವಿಚಾರಿಸುವವರ ಸಂಖ್ಯೆ ಹಲವು ಪಟ್ಟು ಏರಿತು. ನಮ್ಮಲ್ಲೂ ಗೌರವಸ್ಥ ಹಿರಿಯರು, ಮೇಷ್ಟ್ರುಗಳು, ಕಲಾವಿದರು, ರಾಜಕಾರಣಿಗಳು ತಮ್ಮ ಅನುಭವವನ್ನು ಬಾಯಿಬಿಟ್ಟು ಹೇಳಿದರೆ ಅದೊಂದು ದೊಡ್ಡ ಉಪಕಾರ.

ಅದಾಗುವವರೆಗೆ ನನ್ನ ಭರವಸೆ ಮನೆಯ ಹೆಂಗಸರ ಮೇಲೆ. ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಬಂದಾಗ, "ಏನೂ ಇಲ್ಲ ಡಾಕ್ಟ್ರೇ, ವಯಸ್ಸಾಯ್ತಲ್ಲ" ಎಂದು ಯಜಮಾನರು ಹೇಳಿದರೆ, "ಸುಳ್ಳು ಡಾಕ್ಟ್ರೇ, ರಾತ್ರಿಯೆಲ್ಲ ಎದ್ದು ಓಡಾಡ್ತಾರೆ, ಮೊನ್ನೆ ರಕ್ತವೂ ಹೋಯ್ತು" ಎಂದು ನಿಜ ಹೇಳುವವರು ಅವರೇ. ತಾಯಂದಿರೇ, ಇನ್ನೊಂದು ವಿಷಯ ನಿಮಗೂ ಸೇರಿದ್ದು. ತಂದೆಗೋ ಅಣ್ಣತಮ್ಮನಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಎರಡು ಪಟ್ಟಿಗೂ ಹೆಚ್ಚು ಎಂಬುದು ಕೆಲವರಿಗೆ ಗೊತ್ತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕಾರಣವಾಗುವ ಬಿಆರ್‌ಸಿಎ 2 ಎಂಬ ವಂಶವಾಹಿಯ ದೋಷ ಗಂಡುಮಕ್ಕಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತರಬಲ್ಲದು, ಅದೂ ಬೇಗ ಮತ್ತು ಉಗ್ರವಾಗಿ, ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಜ್ಜಿಗೆ, ದೊಡ್ಡಮ್ಮನಿಗೆ, ಸೋದರತ್ತೆಗೆ ಅಂಥ ಕಾಯಿಲೆ ಆಗಿತ್ತೇ ಎಂಬುದನ್ನು ಮಗನಿಗೆ ತಿಳಿಸಿ. ಅವನು ವೈದ್ಯರಿಗೆ ತಿಳಿಸಲಿ.

ಖರ್ಚಿನ ಚಿಂತೆ ಇದ್ದೇ ಇರುತ್ತದೆ. ಪಿಎಸ್‌ಎ ಪರೀಕ್ಷೆ ಕೆಲವು ನೂರು ರೂಪಾಯಿಗಳಲ್ಲಿ ಆಗುತ್ತದೆ. ಚಿಕಿತ್ಸೆಯ ಹಂತಕ್ಕೆ ಬಂದರೆ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಶಾಖೆ ಇವೆಲ್ಲ ನಮ್ಮವೇ. ಮೊದಲ ಹೆಜ್ಜೆಗೆ ಇಷ್ಟು ದೂರ ಬರಬೇಕಾಗಿಯೂ ಇಲ್ಲ, ನಿಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದೆ ಬಾಯಿ ಬಿಟ್ಟರೆ ಸಾಕು.

ಐವತ್ತು ದಾಟಿದ ಗಂಡಸರೇ, ಮುಂದಿನ ಸಲ ಬಿಪಿಯೋ ಸಕ್ಕರೆಯೋ ತೋರಿಸಲು ಹೋದಾಗ, ಏನೂ ತೊಂದರೆ ಇಲ್ಲದಿದ್ದರೂ, "ನನ್ನ ಪ್ರಾಸ್ಟೇಟ್ ಪರೀಕ್ಷೆಯ ಬಗ್ಗೆ ಏನು ಹೇಳುತ್ತೀರಿ?" ಎಂದು ಕೇಳಿ. ಮನೆತನದಲ್ಲಿ ಈ ಕಾಯಿಲೆ ಇದ್ದವರು ನಲವತ್ತೈದಕ್ಕೇ ಕೇಳಿ; ಬಿಆರ್‌ಸಿಎ ದೋಷ ಇರುವ ಮನೆತನದವರು ನಲವತ್ತಕ್ಕೇ ಕೇಳಿ. ಪರೀಕ್ಷೆಯಾದರೆ ವರದಿಯನ್ನು ಎಸೆಯದೆ ಇಟ್ಟುಕೊಳ್ಳಿ, ಮುಂದಿನ ವರದಿಯ ಜೊತೆ ಹೋಲಿಸಲು ಅದು ಬೇಕಾಗುತ್ತದೆ.